ಮಗುವಿನ ಜೊತೆ ಮನೆಯಲ್ಲಿ ಯಾರಿದ್ದರು?

ಮಂಡ್ಯ ಸೀಮೆಯ ಯಾವ ಊರಿನಲ್ಲೇ ಆಗಲಿ, ಒಂದು ಮಗು ನಾಲೆಗೆ ಬಿದ್ದರೆ, ಬಿಸಿನೀರಿನ ಹಂಡೆಯನ್ನು ಮೈಮೇಲೆ ಎಳೆದುಕೊಂಡರೆ, ಜ್ವರ ಏರಿದ ಮೇಲೆ ಆಸ್ಪತ್ರೆಗೆ ತಲುಪುವುದು ತಡವಾದರೆ, ಸೇರಿದ ಜನ ಮೊದಲು ಕೇಳುವ ಪ್ರಶ್ನೆ ಒಂದೇ ಆಗಿರುತ್ತದೆ: "ಅವರವ್ವ ಎಲ್ಲಿಗೆ ಹೋಗಿದ್ದಳು?" ಆಕೆ ಹಸುವಿಗೆ ಹುಲ್ಲು ತರಲು ಹೋಗಿರುತ್ತಾಳೆ, ಇಲ್ಲವೇ ಯಾರದೋ ಗದ್ದೆಯಲ್ಲಿ ಕಳೆ ಕೀಳುತ್ತಿರುತ್ತಾಳೆ, ಡೈರಿಗೆ ಹಾಲು ಹಾಕಿ ಬರುತ್ತಿರುತ್ತಾಳೆ, ಸಂಘದ ಕಂತು ಕಟ್ಟಲು ಸಾಲಿನಲ್ಲಿ ನಿಂತಿರುತ್ತಾಳೆ. ಆ ಪ್ರಶ್ನೆಗೆ ಉತ್ತರ ಕೇಳುವವರಿಗೆಲ್ಲ ಗೊತ್ತಿರುತ್ತದೆ. ಆದರೂ ಕೇಳುತ್ತಾರೆ, ಮತ್ತು ಆಕೆ ತನ್ನ ಉಳಿದ ಆಯುಷ್ಯವನ್ನೆಲ್ಲ ಆ ಪ್ರಶ್ನೆಯೊಂದಿಗೇ ಕಳೆಯುತ್ತಾಳೆ.

ನಾನು ಈ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುತ್ತಾ ವೃತ್ತಿಯನ್ನು ಮುಗಿಸಿದವಳು. ಮಗು ಒಂದೆರಡು ದಿನ ಶಾಲೆಗೆ ಬಾರದಿದ್ದರೆ ಸಂಜೆ ಅವರ ಮನೆಗೆ ಹೋಗಿ ವಿಚಾರಿಸುವುದು ನಮ್ಮ ಕಾಲದ ಉಪಾಧ್ಯಾಯರ ರೂಢಿಯಾಗಿತ್ತು. ಹಾಗೆ ಹೋಗಿ ಕುಳಿತ ಜಗುಲಿಗಳ ಮೇಲೆ ನಾನು ಅರಿತುಕೊಂಡದ್ದು ಇದು: ತನ್ನ ಮಗುವಿಗೆ ಏನು ಬೇಕೆಂಬುದು ಬಹುಪಾಲು ತಾಯಂದಿರಿಗೆ ತಿಳಿದಿರುತ್ತದೆ, ಅದನ್ನು ಮಾಡಲು ಬೇಕಾದ ಸಮಯ, ನಿದ್ದೆ ಮತ್ತು ಇನ್ನೊಬ್ಬರ ಕೈ ಆಕೆಗೆ ಸಿಕ್ಕಿರುವುದಿಲ್ಲ. ನಾವು ನೆರವು ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಬುದ್ಧಿವಾದ. ಕೈ ತೊಳೆಯಿರಿ, ಮೊಟ್ಟೆ ಕೊಡಿ, ಮೊಬೈಲು ಕೊಡಬೇಡಿ, ಮಗುವಿನೊಂದಿಗೆ ದಿನವೂ ಮಾತನಾಡಿ ಎಂದು ಹೇಳಿ ಹೊರಡುತ್ತೇವೆ. ಇವೆಲ್ಲ ಸರಿಯಾದ ಮಾತುಗಳೇ. ಆದರೆ ಮಕ್ಕಳ ಆರೋಗ್ಯವಾಗಲಿ, ಸುರಕ್ಷತೆಯಾಗಲಿ, ಮನಸ್ಸಿನ ನೆಮ್ಮದಿಯಾಗಲಿ, ಅವರನ್ನು ನೋಡಿಕೊಳ್ಳುವವರ ಪರಿಸ್ಥಿತಿಯ ಮೇಲೆ ನಿಂತಿದೆ ಎಂಬುದನ್ನು ಒಪ್ಪಿಕೊಳ್ಳದೆ ಹೇಳುವ ಬುದ್ಧಿವಾದ ಆ ಮನೆಗೆ ಇನ್ನೊಂದು ಹೊರೆಯಾಗುತ್ತದೆ.

ನೀರಿನ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮದು ನೀರಿನ ನಾಡು. ಹಿರಿಯರು ಈಗಲೂ ಇರ್ವಿನ್ ನಾಲೆ ಎನ್ನುವ ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿ ಅಣೆಕಟ್ಟೆಯಿಂದ ಹೊರಟು ಈ ಜಿಲ್ಲೆಗೆ ಅನ್ನ ಕೊಟ್ಟಿದೆ. ಅದರ ಕವಲುಗಳು, ಹಂಚುಗಾಲುವೆಗಳು ಮನೆಗಳ ಹಿತ್ತಲಿಗೇ ಬಂದಿವೆ. ನಾಗಮಂಗಲದ ಕಡೆ ಕೆರೆಗಳಿವೆ, ಕೃಷಿ ಹೊಂಡಗಳಿವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸು ನಾಲೆಗೆ ಉರುಳಿ 30 ಜನ ತೀರಿಕೊಂಡಾಗ, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಗ ತಡೆಗೋಡೆಯ ಮಾತು ರಾಜ್ಯಕ್ಕೆಲ್ಲ ಕೇಳಿಸಿತು. ಆದರೆ ಒಂದೊಂದಾಗಿ ಹೋಗುವ ಪುಟ್ಟ ಮಕ್ಕಳ ಸುದ್ದಿ ಪತ್ರಿಕೆಯ ಒಳಪುಟದ ನಾಲ್ಕು ಸಾಲಿಗೆ ಮುಗಿಯುತ್ತದೆ. ಜಗತ್ತಿನಲ್ಲಿ ಮುಳುಗಿ ಸಾಯುವವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆ ವಯಸ್ಸಿನ ಮಗು ಮುಳುಗುವ ಬಗೆಯನ್ನು ಹೆತ್ತವರಿಗೆ ಯಾರೂ ಸರಿಯಾಗಿ ವಿವರಿಸಿರುವುದಿಲ್ಲ. ಮಗು ಕೂಗುವುದಿಲ್ಲ, ಕೈಕಾಲು ಬಡಿದು ಸದ್ದು ಮಾಡುವುದಿಲ್ಲ. ಎಳೆ ಮಗುವಿಗೆ ದೇಹದ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚಾದ್ದರಿಂದ ಬಗ್ಗಿದಾಗ ಮುಗ್ಗರಿಸುತ್ತದೆ, ಮುಗ್ಗರಿಸಿದ ಮೇಲೆ ತಲೆಯನ್ನು ಮೇಲೆತ್ತುವ ಶಕ್ತಿ ಅದಕ್ಕಿರುವುದಿಲ್ಲ; ಬಚ್ಚಲಿನಲ್ಲಿ ಅರ್ಧ ತುಂಬಿದ ಬಕೆಟ್ಟು ಕೂಡ ಸಾಕು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಷ್ಟು ಹೊತ್ತಿನಲ್ಲಿ, ಮನೆಯವರಿಗೆ ಏನೂ ಕೇಳಿಸದಂತೆ, ಎಲ್ಲವೂ ಮುಗಿದಿರುತ್ತದೆ. ಕೃಷಿ ಹೊಂಡದ ಅಪಾಯ ಬೇರೆ ತೆರನಾದದ್ದು. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುವುದರಿಂದ ಈಜು ಬಲ್ಲ ಹುಡುಗರು ಕೂಡ ದಡ ಹತ್ತಲಾರರು. ಸುತ್ತ ಬೇಲಿ ಬೇಕು, ಬೇಲಿಯ ಜೊತೆಗೆ ದಡದ ಗೂಟಕ್ಕೆ ಬಿಗಿದು ನೀರಿನೊಳಕ್ಕೆ ಇಳಿಬಿಟ್ಟ ಗಂಟು ಹಗ್ಗವೊಂದು ಬೇಕು. ಹಗ್ಗಕ್ಕೆ ಆಗುವ ಖರ್ಚು ದೊಡ್ಡದಲ್ಲ, ಮತ್ತು ಹೊಂಡ ತೋಡಿಸಿದ ದಿನವೇ ಅದನ್ನು ಕಟ್ಟಬಹುದು.

ಆದರೆ ಬೇಲಿಗಿಂತ ದೊಡ್ಡ ಪ್ರಶ್ನೆ, ಬೆಳಗಿನ ಹೊತ್ತು ಆ ಮಗು ಯಾರ ಕಣ್ಣಳತೆಯಲ್ಲಿದೆ ಎಂಬುದು. ಅಂಗನವಾಡಿಯಲ್ಲಿ ಕೂರಿಸಿ ಕಲಿಸುವುದು ಮೂರರಿಂದ ಆರು ವರ್ಷದ ಮಕ್ಕಳನ್ನು. ಕರ್ನಾಟಕದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲಾಯಿತು; ಅಲ್ಲಿಂದೀಚೆಗೆ ಅಂಗನವಾಡಿ ಕಾರ್ಯಕರ್ತೆಯರು ಕಡಿಮೆ ಗೌರವಧನದಲ್ಲಿ ಎಷ್ಟು ತಲೆಮಾರುಗಳನ್ನು ಸಾಕಿದ್ದಾರೆಂಬುದನ್ನು ಹಳ್ಳಿಯಲ್ಲಿದ್ದವರೆಲ್ಲ ಬಲ್ಲರು. ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿಂದ ಸಿಗುವುದು ಮನೆಗೆ ಒಯ್ಯುವ ಆಹಾರ, ತೂಕ ನೋಡುವುದು, ಲಸಿಕೆಯ ನೆನಪು. ಅಂದರೆ ಮಗು ಅಂಬೆಗಾಲಿಡಲು ಆರಂಭಿಸಿದ ದಿನದಿಂದ ಓಡಾಡಿ ಬುದ್ಧಿ ಬಲಿಯುವವರೆಗಿನ, ಕಣ್ಣು ತೆಗೆಯಲಾಗದ ಎರಡೂವರೆ ವರ್ಷದಲ್ಲಿ, ದುಡಿಯುವ ತಾಯಿಗೆ ಹಗಲು ಮಗುವನ್ನು ಬಿಡಲು ಜಾಗವೇ ಇರಲಿಲ್ಲ. ಅತ್ತೆಯಿದ್ದರೆ ಅತ್ತೆ, ಇಲ್ಲದಿದ್ದರೆ ಏಳೆಂಟು ವರ್ಷದ ಅಕ್ಕ. ನನ್ನ ತರಗತಿಯಲ್ಲಿ ಕಟಾವಿನ ಕಾಲದಲ್ಲಿ ಗೈರುಹಾಜರಾಗುತ್ತಿದ್ದ ಹೆಣ್ಣುಮಕ್ಕಳಲ್ಲಿ ಹಲವರು ಮನೆಯಲ್ಲಿ ತಮ್ಮನನ್ನೋ ತಂಗಿಯನ್ನೋ ಸೊಂಟಕ್ಕೇರಿಸಿಕೊಂಡಿರುತ್ತಿದ್ದರು. ಒಂದು ಮಗುವನ್ನು ಕಾಯಲು ಇನ್ನೊಂದು ಮಗುವಿನ ಓದನ್ನು ತೆರುವ ವ್ಯವಸ್ಥೆ ಅದು, ಮತ್ತು ಆ ಎಂಟು ವರ್ಷದ ಹುಡುಗಿಯ ಕೈ ತಪ್ಪಿ ಏನಾದರೂ ಆದರೆ ಅವಳೂ ಜೀವಮಾನವಿಡೀ ಅದನ್ನು ಹೊರಬೇಕು.

ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಘೋಷಿಸಿದ 'ಕೂಸಿನ ಮನೆ' ಈ ಕಂದಕಕ್ಕೇ ಕೈ ಹಾಕಿತು ಎಂಬ ಕಾರಣಕ್ಕೆ ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಯುವ ಶಿಶುಪಾಲನಾ ಕೇಂದ್ರ ಅದು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ಅದೇ ಊರಿನ, ತರಬೇತಿ ಪಡೆದ ಹೆಂಗಸರು ನೋಡಿಕೊಳ್ಳುತ್ತಾರೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲೇ, ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಕೂಲಿ ಹೆಂಗಸನ್ನು ನೇಮಿಸಿ ಆಕೆಗೆ ಕೂಲಿ ಕೊಡಬೇಕೆಂಬ ವಿಧಿಯಿತ್ತು. ಮಗುವನ್ನು ಕಾಯುವುದು ಕೂಲಿಗೆ ಅರ್ಹವಾದ ಕೆಲಸ ಎಂದು ಕಾನೂನು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ಮಕ್ಕಳು ನೀರಿನಲ್ಲಿ ಮುಳುಗುವುದನ್ನು ತಡೆಯುವ ಉಪಾಯಗಳಲ್ಲಿ, ಶಾಲೆಗೆ ಹೋಗದ ವಯಸ್ಸಿನ ಮಕ್ಕಳನ್ನು ನೀರಿನಿಂದ ದೂರವಿಟ್ಟು ನೋಡಿಕೊಳ್ಳುವ ಜಾಗವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಮುಖ್ಯವೆಂದು ಎಣಿಸಿದೆ. ನೀರೇ ನೀರಾಗಿರುವ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇಂತಹ ಕೇಂದ್ರಗಳು ಮಕ್ಕಳ ಜೀವ ಉಳಿಸಿವೆ. ಶಿಶುಪಾಲನಾ ಕೇಂದ್ರವನ್ನು ನಾವು ದುಡಿಯುವ ಹೆಂಗಸಿಗೆ ಮಾಡುವ ಅನುಕೂಲವೆಂದು ಮಾತ್ರ ನೋಡುತ್ತೇವೆ, ಆದರೆ ನಾಲೆ ಬಯಲಿನ ಊರಿನಲ್ಲಿ ಅದು ಆಸ್ಪತ್ರೆಯಷ್ಟೇ ನೇರವಾಗಿ ಜೀವ ಕಾಯುತ್ತದೆ.

ನೀರಿನಿಂದ ಮೇಲೆತ್ತಿದ ಮಗುವಿನ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದರಿಂದ, ಹೊಟ್ಟೆ ಒತ್ತಿ ನೀರು ಕಕ್ಕಿಸುವುದರಿಂದ ಉಪಯೋಗವಿಲ್ಲ. ಅಮೂಲ್ಯವಾದ ನಿಮಿಷಗಳು ಅದರಲ್ಲೇ ಹೋಗುತ್ತವೆ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಮರಳುತ್ತದೆ ಎಂಬ ಮೊಬೈಲು ಸುದ್ದಿಯನ್ನು ನಂಬಿ 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕುಟುಂಬ ಗಂಟೆಗಟ್ಟಲೆ ಕಾದು ಕುಳಿತಿತ್ತು. ಅವರ ಸಂಕಟವನ್ನು ನೆನೆದರೆ ಅಂತಹ ಸುದ್ದಿಯನ್ನು ಹರಡಿದವರ ಮೇಲೆ ಕೋಪ ಬರುತ್ತದೆ. ಮುಳುಗಿದ ಮಗುವಿಗೆ ನಿಂತಿರುವುದು ಉಸಿರು. ಆದ್ದರಿಂದ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಮೊದಲು, ಅದರ ಜೊತೆಗೆ ಎದೆ ಒತ್ತುವುದು, ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಕರೆ ಮಾಡುವುದು. ಇದನ್ನು ಓದಿ ಕಲಿಯಲು ಬರುವುದಿಲ್ಲ, ಕೈಯಿಂದ ಮಾಡಿಯೇ ಕಲಿಯಬೇಕು. ನಾಲೆಯ ಪಕ್ಕದ ಪ್ರತಿ ಊರಿನಲ್ಲೂ ಇದನ್ನು ಅಭ್ಯಾಸ ಮಾಡಿದ ನಾಲ್ಕು ಜನರಾದರೂ ಇರಬೇಕು, ಹಾಗೂ ಅವರನ್ನು ತಯಾರು ಮಾಡಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪಂಚಾಯಿತಿಯವರು ಒಂದು ಪತ್ರ ಬರೆದು ಕೇಳಬಹುದು.

ಆಲೆಮನೆಯ ಕೊಪ್ಪರಿಗೆಯ ಬಳಿ ಆಡುವ ಮಕ್ಕಳ ಬಗ್ಗೆಯೂ ಇದೇ ಮಾತು ಸಲ್ಲುತ್ತದೆ. ಸುಟ್ಟ ಗಾಯಕ್ಕೆ ಹಲ್ಲುಜ್ಜುವ ಪೇಸ್ಟು, ಶಾಯಿ, ಬೂದಿ ಯಾವುದನ್ನೂ ಹಚ್ಚದೆ 20 ನಿಮಿಷ ಹರಿಯುವ ತಣ್ಣೀರು ಬಿಟ್ಟು, ತೆಳುವಾದ ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಬೇಕು. ಹೊರ ಜಿಲ್ಲೆಗಳಿಂದ ಕಬ್ಬು ಕಡಿಯಲು ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಳ್ಳುವ ಕುಟುಂಬಗಳ ಮಕ್ಕಳಿಗೆ ಈ ಅಪಾಯಗಳೆಲ್ಲ ಇಮ್ಮಡಿ. ಅವರಿಗೆ ಊರಿನ ಆಶಾ ಕಾರ್ಯಕರ್ತೆಯ ಮುಖವೇ ಪರಿಚಯವಿರುವುದಿಲ್ಲ, ರಾತ್ರಿ ಮಗುವಿಗೆ ಹಾವು ಕಚ್ಚಿದರೆ ಯಾವ ಆಸ್ಪತ್ರೆಗೆ ಓಡಬೇಕೆಂದು ತಿಳಿದಿರುವುದಿಲ್ಲ.

ಇನ್ನು ಬಾಣಂತನದ ವಿಷಯ. ನಮ್ಮ ಬಾಣಂತನದ ಪದ್ಧತಿಯನ್ನು ಹಳೆಯದೆಂದು ತಳ್ಳಿಹಾಕುವವಳು ನಾನಲ್ಲ. ಹೆತ್ತವಳನ್ನು ತವರಿಗೆ ಕರೆತಂದು, ಮನೆಗೆಲಸದಿಂದ ಬಿಡಿಸಿ, ಎಣ್ಣೆನೀರು ಹಾಕಿ, ಹೊತ್ತು ಹೊತ್ತಿಗೆ ಬಿಸಿ ಊಟ ಕೊಟ್ಟು ಮಲಗಿಸುವುದು ಒಂದು ಕುಟುಂಬಕ್ಕೆ ಮತ್ತೊಂದು ಕುಟುಂಬ ಕೊಡಬಹುದಾದ ಅತ್ಯುತ್ತಮ ನೆರವುಗಳಲ್ಲಿ ಒಂದು. ಅದರೊಳಗೆ ಸೇರಿಕೊಂಡಿರುವ ಕೆಲವನ್ನು ಮಾತ್ರ ಬಿಡಬೇಕು. ಮಗುವಿನ ಮೂಗಿಗೆ, ಬಾಯಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕೋಣೆಯ ಬಾಗಿಲು ಮುಚ್ಚಿ ಹಾಕುವ ಸಾಂಬ್ರಾಣಿ ಹೊಗೆ ಎಳೆ ಉಸಿರಿಗೆ ಹಿತವಲ್ಲ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು. ಹಾಲೂಡಿಸುವ ತಾಯಿಗೆ ನೀರು ಕಡಿಮೆ ಕೊಡುವುದು ತಪ್ಪು. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ಆಮೇಲೆ ನಮ್ಮ ರಾಗಿ ಸರಿ ಇದ್ದೇ ಇದೆ. ಅಜ್ಜಿಯರಿಗೆ ಇದನ್ನು ಗೌರವದಿಂದ, ಕಾರಣ ಸಹಿತವಾಗಿ ಹೇಳಿದರೆ ಒಪ್ಪುತ್ತಾರೆ. ಸೊಸೆಯ ಬಾಯಿಂದ ಹೇಳಿಸುವುದು ಮಾತ್ರ ಬೇಡ. ಆಸ್ಪತ್ರೆಯ ನರ್ಸು ಅಜ್ಜಿಯನ್ನೇ ಕೂರಿಸಿಕೊಂಡು ಹೇಳಿದಾಗ ಆಗುವ ಪರಿಣಾಮವೇ ಬೇರೆ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೆ ಬಂದು ಮಗುವಿನ ತೂಕ, ಉಸಿರಾಟ, ಹೊಕ್ಕುಳು, ಹಾಲು ಕುಡಿಯುವ ರೀತಿಯನ್ನು ನೋಡುತ್ತಾರೆ. ಬಂದವರೆಲ್ಲರ ಕಣ್ಣು ತೊಟ್ಟಿಲ ಕಡೆಗಿರುತ್ತದೆ. "ನಿನಗೆ ನಿದ್ದೆ ಬರುತ್ತಿದೆಯೇ, ಮನಸ್ಸು ಹೇಗಿದೆ" ಎಂದು ಹಾಸಿಗೆಯಲ್ಲಿರುವವಳನ್ನು ಕೇಳುವವರು ಕಡಿಮೆ. ಹೆತ್ತ ಮೊದಲ ಹತ್ತು ಹದಿನೈದು ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಮನಸ್ಸಾಗದಿದ್ದರೆ, ತಾನು ಕೆಟ್ಟ ತಾಯಿ, ತಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂದು ಆಕೆ ಹೇಳತೊಡಗಿದರೆ ಅದು ಖಿನ್ನತೆ. ಅದನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೋದ ವೈದ್ಯರು ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿ ಕನ್ನಡದಲ್ಲೂ ಇದೆ. ಉತ್ತರಿಸಲು ಹತ್ತು ನಿಮಿಷವೂ ಬೇಡ. ನಮ್ಮವರು ಬಾಣಂತಿ ಸನ್ನಿ ಎಂದು ಕರೆಯುವುದು ಇದಕ್ಕಿಂತ ತೀವ್ರವಾದ, ಸಾವಿರ ಹೆರಿಗೆಗಳಲ್ಲಿ ಒಂದೆರಡು ಕಡೆ ಕಾಣುವ ಕಾಯಿಲೆ. ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಪರೀತ ಸಂಶಯ, ಮಾತಿನ ಗೊಂದಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಬೇರ್ಪಡಿಸದೆ ಒಟ್ಟಿಗೆ ಇರಿಸಿ ಚಿಕಿತ್ಸೆ ಕೊಡುವ ಘಟಕ 2009ರಿಂದ ಇದೆ. ಎದೆಹಾಲು ನಿಲ್ಲಿಸಬೇಕಾಗುತ್ತದೆಂಬ ಭಯದಿಂದ ಔಷಧಿಯನ್ನು ದೂರವಿಡುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ದೂರ ಹೋಗಲಾಗದವರು 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಂಡ್ಯದಲ್ಲಿ ಈ ಮಾತನ್ನಾಡುವಾಗ ಹೆಣ್ಣು ಹೆತ್ತವಳ ಸಂಕಟವನ್ನು ಬಿಟ್ಟು ಮುಂದೆ ಹೋಗಲಾರೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾಯ್ದೆ 1994ರದು. ಆದರೂ 2023ರ ಕೊನೆಯಲ್ಲಿ ನಮ್ಮದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಮಾಡುವ ಜಾಗದಲ್ಲಿ ಅಂತಹ ಕೆಲಸ ನಡೆಯಿತೆಂಬುದನ್ನು ಓದಿದ ದಿನ ಈ ಜಿಲ್ಲೆಯವಳಾಗಿ ನನಗಾದ ನೋವು ಇನ್ನೂ ಹೋಗಿಲ್ಲ. ಹುಟ್ಟಿದ ಹೆಣ್ಣುಮಗುವಿನ ಮುಖ ನೋಡಲು ಗಂಡನ ಮನೆಯವರು ಬಾರದಿದ್ದಾಗ, "ಮತ್ತೆ ಹೆಣ್ಣೇ" ಎಂಬ ಒಂದು ಮಾತು ಕೋಣೆಯಲ್ಲಿ ಸುಳಿದಾಗ, ಹೆತ್ತವಳ ಮನಸ್ಸು ಕುಸಿಯುತ್ತದೆ. ಗೋವಾದಲ್ಲಿ ತಾಯಂದಿರನ್ನು ಕುರಿತು ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಕೂಡ ಗಂಡುಮಗುವಿನ ಆಸೆಗೂ ಬಾಣಂತಿಯ ಖಿನ್ನತೆಗೂ ಇರುವ ನಂಟನ್ನು ತೋರಿಸಿತ್ತು. ಕುಸಿದ ತಾಯಿಯ ಮಡಿಲಿನಲ್ಲಿರುವ ಮಗುವಿಗೆ ಹಾಲೂ ಕಡಿಮೆ, ಮಾತೂ ಕಡಿಮೆ. ಅಜ್ಜ, ಅಜ್ಜಿ, ಗಂಡ ಮೂವರೂ ಮೊದಲ ವಾರದಲ್ಲೇ ಬಂದು ಮಗುವನ್ನು ಎತ್ತಿಕೊಂಡು ಸಂತೋಷಪಟ್ಟರೆ, ಅದು ಆ ತಾಯಿಗೂ ಮಗುವಿಗೂ ಕೊಟ್ಟ ಔಷಧಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಪಾಲಿನ ಭಾಗ್ಯ. ಕಿವಿ ಕೇಳಿಸದ ಮಗುವನ್ನು ಒಂದು ತಿಂಗಳೊಳಗೆ ಪರೀಕ್ಷಿಸಿ, ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ ಆರಂಭಿಸಿದರೆ ಆ ಮಗು ಮಾತು ಕಲಿಯುವ ಸಾಧ್ಯತೆ ಬಹಳ ಹೆಚ್ಚು ಎಂಬುದು ಈ ಕ್ಷೇತ್ರದವರ ಒಮ್ಮತದ ಅಭಿಪ್ರಾಯ. ನಮ್ಮ ಮನೆಗಳಲ್ಲಿ ಮಾತ್ರ "ನಮ್ಮ ವಂಶದಲ್ಲಿ ಎಲ್ಲರೂ ತಡವಾಗಿಯೇ ಮಾತಾಡಿದ್ದು" ಎಂದು ಮೂರು ವರ್ಷ ಕಾಯುತ್ತೇವೆ. ಕಾಯುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಮಳವಳ್ಳಿಯ ಒಳಗಿನ ಹಳ್ಳಿಯೊಂದರಿಂದ ಮೈಸೂರಿಗೆ ಮಗುವನ್ನು ಕರೆದೊಯ್ಯುವುದೆಂದರೆ ಒಂದು ದಿನದ ಕೂಲಿ ಹೋಯಿತು, ಹಸು ಕರೆಯುವವರಿಲ್ಲ, ದೊಡ್ಡ ಮಗು ಶಾಲೆಯಿಂದ ಬಂದರೆ ಬಾಗಿಲು ತೆಗೆಯುವವರಿಲ್ಲ. ಅದೂ ಒಮ್ಮೆ ಹೋದರೆ ಮುಗಿಯುವುದಿಲ್ಲ, ಮಾತಿನ ತರಬೇತಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಇಂತಹ ತಾಯಂದಿರ ಒಂದು ಖರ್ಚು ತಪ್ಪಿತು. ಶಕ್ತಿ ಯೋಜನೆಯನ್ನು ಕುರಿತ ವಾದ ವಿವಾದಗಳಲ್ಲಿ ಚಿಕಿತ್ಸೆಗೆ ಮಗುವನ್ನು ಎತ್ತಿಕೊಂಡು ಹೋಗುವ ಈ ಪ್ರಯಾಣಿಕರ ಮಾತು ಬರುವುದು ಕಡಿಮೆಯೆಂದು ನನಗೆ ಬೇಸರವಿದೆ. ಉಳಿದದ್ದು ಹಸು ಕರೆಯುವ, ಬಾಗಿಲು ತೆಗೆಯುವ ಕೆಲಸ. ಅದನ್ನು ಸರ್ಕಾರ ಮಾಡಲಾರದು, ಪಕ್ಕದ ಮನೆಯವರು ಮಾಡಬಲ್ಲರು.

ಶಾಲೆಗೆ ಬರುವ ವಯಸ್ಸಿನ ಮಕ್ಕಳ ಮನಸ್ಸಿನ ತೊಂದರೆ ಮೊದಲು ಕಾಣಿಸಿಕೊಳ್ಳುವುದು ಮೈಯಲ್ಲಿ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಆರಂಭವಾಗುವುದು, ಇಷ್ಟದ ತಿಂಡಿಯನ್ನೂ ಬಿಡುವುದು, ಜೊತೆಯವರನ್ನು ಕಾರಣವಿಲ್ಲದೆ ಹೊಡೆಯುವುದು. ಇವನ್ನು ನೆಪವೆಂದೋ ಹಟವೆಂದೋ ಕಂಡು ತಾಯಂದಿರು "ಒಸಿ ಬುದ್ಧಿ ಹೇಳಿ ಮೇಡಂ" ಎಂದು ಮಗುವನ್ನು ನನ್ನ ಮುಂದೆ ನಿಲ್ಲಿಸುತ್ತಿದ್ದರು. ನಿಲ್ಲಿಸಿ ಕೇಳಿದರೆ ಯಾವ ಮಗುವೂ ಹೇಳುವುದಿಲ್ಲ. ಅವರೆಕಾಯಿ ಸುಲಿಯುವಾಗ, ಪುಸ್ತಕಕ್ಕೆ ರಟ್ಟು ಹಾಕುವಾಗ, ಇಬ್ಬರ ಕೈಯಲ್ಲೂ ಕೆಲಸವಿದ್ದು ಕಣ್ಣಿಗೆ ಕಣ್ಣು ಕೂಡದಿರುವಾಗ ಮಕ್ಕಳು ತಾವಾಗಿಯೇ ಮಾತು ಆರಂಭಿಸುತ್ತಾರೆ. ಆಗ ನಾವು ಅರ್ಧಕ್ಕೆ ತಡೆಯದೆ, ತೀರ್ಪು ಕೊಡದೆ, ಕೊನೆಯವರೆಗೆ ಕೇಳಬೇಕು. ಕುಡಿದು ಬರುವ ತಂದೆ, ತರಗತಿಯಲ್ಲಿ ಎಲ್ಲರೆದುರು ಆದ ಅವಮಾನ, ಸಾಲಕ್ಕಾಗಿ ಬಾಗಿಲಿಗೆ ಬಂದವರ ಮಾತು, ಮಕ್ಕಳು ಹೊತ್ತು ತಿರುಗುವುದು ಇಂಥವನ್ನೇ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. ಅದನ್ನು ಹೆತ್ತವರಿಗೆ ತಿಳಿಸುವುದು ಉಪಾಧ್ಯಾಯರಿಗೆ ವಿರೋಧವಲ್ಲವೆಂದು ಉಪಾಧ್ಯಾಯಿನಿಯಾಗಿದ್ದ ನಾನೇ ಹೇಳುತ್ತೇನೆ.

ಇನ್ನೂ ಭಾರವಾದ ಸಂಗತಿಯನ್ನು ಮಗು ಹೇಳಿಕೊಂಡಾಗ, ಅಂದರೆ ಯಾರಾದರೂ ಅದರ ಮೈ ಮುಟ್ಟಿ ಹಿಂಸಿಸಿದ್ದಾರೆಂದು ತಿಳಿದಾಗ, ಕುಟುಂಬ ಮೊದಲು ಹೆದರುವುದು ಮರ್ಯಾದೆಗೆ, ಆಮೇಲೆ ಪೊಲೀಸ್ ಠಾಣೆಗೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯನ್ನು ಬರೆದವರು ಈ ಭಯವನ್ನು ಬಲ್ಲವರು. ಮಗು ಠಾಣೆಗೆ ಹೋಗಬೇಕಾಗಿಲ್ಲ. ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಮವಸ್ತ್ರ ತೊಡದ, ಸಾಧ್ಯವಾದಷ್ಟೂ ಮಹಿಳೆಯೇ ಆದ ಅಧಿಕಾರಿ, ತಂದೆತಾಯಿ ಅಥವಾ ಮಗು ನಂಬುವ ಯಾರಾದರೊಬ್ಬರ ಎದುರಿನಲ್ಲಿ ಹೇಳಿಕೆ ಪಡೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವಾದರೆ ವೈದ್ಯೆಯೇ ಪರೀಕ್ಷಿಸಬೇಕು. ಹೆಸರು, ಊರು, ಶಾಲೆ ಯಾವುದನ್ನೂ ಮಾಧ್ಯಮಗಳು ಹೊರಗೆಡಹುವಂತಿಲ್ಲ. ನ್ಯಾಯಾಲಯದಲ್ಲಿ ಆರೋಪಿಗೆ ಮಗುವಿನ ಮುಖ ಕಾಣದಂತೆ ನೋಡಿಕೊಳ್ಳಬೇಕು. ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿದರೆ, ಪ್ರಕರಣ ಮುಗಿಯುವವರೆಗೆ ಕುಟುಂಬದ ಜೊತೆ ನಿಲ್ಲಲು ಒಬ್ಬ ಸಹಾಯಕ ವ್ಯಕ್ತಿಯನ್ನು ಕೊಡುತ್ತದೆ. ಗೊತ್ತಿದ್ದೂ ದೂರು ಕೊಡದ ವಯಸ್ಕರಿಗೆ ಶಿಕ್ಷೆಯಿದೆ, ಹಾಗಾಗಿ ಊರಿನ ಹಿರಿಯರು ಕೂತು ರಾಜಿ ಮಾಡಿಸುವುದಕ್ಕೆ ಇಲ್ಲಿ ಜಾಗವೇ ಇಲ್ಲ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ಸಾಕು. ಆ ಹೊತ್ತಿನಲ್ಲಿ ತಾಯಿ ಅಥವಾ ತಂದೆ ಮಗುವಿಗೆ ಹೇಳಬೇಕಾದದ್ದು ಎರಡೇ: ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ.

ಇಷ್ಟೆಲ್ಲ ಬರೆಯುವಾಗ ತಾಯಿ ಎಂಬ ಪದ ಎಷ್ಟು ಬಾರಿ ಬಂದಿದೆಯೋ ಅಷ್ಟು ಬಾರಿ ತಂದೆ ಎಂಬ ಪದ ಬಂದಿಲ್ಲ, ಏಕೆಂದರೆ ನಾನು ಕಂಡ ಜಗುಲಿಗಳ ಮೇಲೆ ಮಾತಿಗೆ ಸಿಕ್ಕವರು ತಾಯಂದಿರೇ. ತಂದೆಯರಿಗೆ ಮಗುವಿನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಲಸಿಕೆಯ ದಿನ ಮಗುವನ್ನು ಎತ್ತಿಕೊಂಡು ಹೋಗುವುದು, ರಾತ್ರಿ ಎದ್ದು ಬಟ್ಟೆ ಬದಲಿಸುವುದು, ಶಾಲೆಯ ಸಭೆಗೆ ಬರುವುದು ತಮ್ಮ ಕೆಲಸವೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಈಗಿನ ಯುವ ತಂದೆಯರಲ್ಲಿ ಇದು ಬದಲಾಗುತ್ತಿರುವುದನ್ನು ಮಂಡ್ಯದ ಜಿಲ್ಲಾ ಆಸ್ಪತ್ರೆಯ ಮಕ್ಕಳ ವಿಭಾಗದ ಮುಂದಿನ ಸಾಲಿನಲ್ಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಆವರಣದಲ್ಲಿ ನೋಡುತ್ತಿದ್ದೇನೆ; ಹೆಗಲ ಮೇಲೆ ಟವೆಲ್ಲು ಹಾಸಿ ಮಗುವನ್ನು ಮಲಗಿಸಿಕೊಂಡು, ತಾಯಿ-ಮಗುವಿನ ಆರೋಗ್ಯದ ವಿವರ ಬರೆದಿಡುವ 'ತಾಯಿ ಕಾರ್ಡು' ಹಿಡಿದು ನಿಂತವರು ಈಗ ಅಲ್ಲಿ ಅಪರೂಪವಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಕೇಳಬೇಕೆಂದು ನಾನು ಪರಿಚಯದ ಹೆಣ್ಣುಮಕ್ಕಳಿಗೆ ಬರೆದುಕೊಟ್ಟಿರುವ ಬೇಡಿಕೆಗಳು ಸಣ್ಣವು. ಕೂಸಿನ ಮನೆಯ ಬಾಗಿಲು ಕಟಾವಿನ ತಿಂಗಳುಗಳಲ್ಲಿ ಕೂಲಿಯವರು ಹೊರಡುವ ಹೊತ್ತಿಗೇ ತೆರೆಯಬೇಕು, ಕಚೇರಿಯ ಹೊತ್ತಿಗಲ್ಲ. ಕೂಸುಗಳನ್ನು ನೋಡಿಕೊಳ್ಳುವವರ ಗೌರವಧನ ತಿಂಗಳು ತಿಂಗಳು ಕೈಸೇರಬೇಕು, ಏಕೆಂದರೆ ಅದು ನಿಂತರೆ ಕೇಂದ್ರವೂ ನಿಲ್ಲುತ್ತದೆ. ಹೊರ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದವರ ಮಕ್ಕಳನ್ನು, ಈ ಊರಿನ ಕಾರ್ಡಿಲ್ಲವೆಂದು ವಾಪಸು ಕಳಿಸದೆ, ಸೇರಿಸಿಕೊಳ್ಳಬೇಕು. ಊರೊಳಗೆ ಹಾದುಹೋಗುವ ಕಾಲುವೆಯ ಉದ್ದಕ್ಕೂ, ಕಡೆಯ ಪಕ್ಷ ಅಂಗನವಾಡಿ ಮತ್ತು ಶಾಲೆಯ ಎದುರಿನಲ್ಲಿ, ಎದೆಮಟ್ಟದ ಗೋಡೆ ಕಟ್ಟಬೇಕು. ಇವುಗಳಲ್ಲಿ ಯಾವುದು ಮೊದಲು ಎಂದು ಅವರು ಕೇಳಿದಾಗ, ಬಾಗಿಲು ತೆರೆಯುವ ಹೊತ್ತನ್ನೇ ಮೊದಲು ಕೇಳಿ ಎಂದಿದ್ದೇನೆ.